ಸಿಸ್ಟಮ್‌ಡಿ ಸೇವೆಗಳ ಸ್ಯಾಂಡ್‌ಬಾಕ್ಸಿಂಗ್

ಸಿಸ್ಟಮ್‌ಡಿ ಎಂಬುದು ಲಿನಕ್ಸ್ ಗಣಕಗಳಲ್ಲಿ ಸೇವೆಗಳನ್ನು ಆರಂಭಿಸುವ, ನಿಲ್ಲಿಸುವ ಮತ್ತು ಅವುಗಳ ಮೇಲೆ ನಿಗಾ ಇಡುವ ತಂತ್ರಾಂಶ. ಇದು 2010ರಲ್ಲಿ ಬಿಡುಗಡೆಯಾಯಿತು. ಸೇವೆಯೊಂದು ದಾಳಿಕೋರರ ವಶವಾದರೂ ಹಾನಿಯು ಅದರ ಎಲ್ಲೆಯನ್ನು ಮೀರದಂತೆ ನಿರ್ಬಂಧಿಸುವುದೇ ಸ್ಯಾಂಡ್‌ಬಾಕ್ಸಿಂಗ್.

ಈ ನಿರ್ಬಂಧಗಳನ್ನು ಸೇವೆಯ ಯುನಿಟ್ ಕಡತದಲ್ಲಿ ಬರೆಯಲಾಗುತ್ತದೆ. 'ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್' ಎಂದರೆ ಕೆಲವು ಅಪವಾದಗಳನ್ನುಳಿದು ಇಡೀ ಕಡತ ವ್ಯವಸ್ಥೆಯು ಸೇವೆಗೆ ಓದಲಷ್ಟೇ ಲಭ್ಯ. 'ಸಿಸ್ಟಮ್‌ಕಾಲ್‌ಫಿಲ್ಟರ್' ಎಂಬುದು ಸೇವೆಯು ಕರ್ನಲ್‌ಗೆ ಕಳುಹಿಸಬಹುದಾದ ಕರೆಗಳನ್ನು ಮಿತಿಗೊಳಿಸುತ್ತದೆ. ಹಳೆಯ ಸೇವೆಗಳು ಕೆಡದಿರಲೆಂದು ಇಂಥವು ಬಹುಮಟ್ಟಿಗೆ ತಾವಾಗಿಯೇ ಜಾರಿಯಲ್ಲಿರುವುದಿಲ್ಲ.

'ಸಿಸ್ಟಮ್‌ಡಿ-ಅನಲೈಜ್ ಸೆಕ್ಯೂರಿಟಿ' ಆದೇಶವು ಪ್ರತಿ ಸೇವೆಗೆ 0ಯಿಂದ 10ರವರೆಗೆ ಅಂಕ ನೀಡುತ್ತದೆ. ಅಂಕ ಹೆಚ್ಚಿದಷ್ಟೂ ರಕ್ಷಣೆ ಕಡಿಮೆ. ತಂತ್ರಾಂಶವು ಸ್ವತಃ ಅಳವಡಿಸಿಕೊಂಡ ರಕ್ಷಣೆಯನ್ನು ಇದು ಲೆಕ್ಕಿಸುವುದಿಲ್ಲವಾದ್ದರಿಂದ ಅಂಕವನ್ನೇ ಅಂತಿಮ ತೀರ್ಪೆಂದು ಭಾವಿಸಲಾಗದು. ಅಂಕ ಇಳಿಸುವ ಭರದಲ್ಲಿ ಅಗತ್ಯ ಕರೆಯೊಂದನ್ನು ತಡೆದರೆ ಸೇವೆಯೇ ಕುಸಿಯುತ್ತದೆ. 'ರೀಸ್ಟಾರ್ಟ್=ಆನ್-ಫೇಲ್ಯೂರ್' ಇದ್ದರೆ ಸಿಸ್ಟಮ್‌ಡಿ ಅದನ್ನು ಮತ್ತೆ ಆರಂಭಿಸುತ್ತದೆ; ಸಾಮಾನ್ಯ ಮಿತಿಯಂತೆ 10 ಸೆಕೆಂಡುಗಳಲ್ಲಿ 5 ಬಾರಿ ಆರಂಭಿಸಿದ ಮೇಲೆ ಪ್ರಯತ್ನವನ್ನು ಕೈಬಿಡುತ್ತದೆ. ನಿಮಿಷಕ್ಕೊಮ್ಮೆ ಕುಸಿಯುವ ಸೇವೆಯಾದರೋ ಈ ಮಿತಿಗೆ ಸಿಲುಕದೆ ಮೇಲ್ನೋಟಕ್ಕೆ ಸರಿಯಾಗಿಯೇ ತೋರುತ್ತಿರುತ್ತದೆ. ಅದರ ಸುಳಿವನ್ನು ಜರ್ನಲ್ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.