ಗುಪ್ತಪದಕ್ಕೆ ಕಟ್ಟಳೆ ಬಂದ ಬಗೆ



ಕಾಲೇಜಿನ ಗಣಕಯಂತ್ರಗಳ ಕೋಣೆಯಲ್ಲಿ ಕುಳಿತು ನಿಮ್ಮ ಗುಪ್ತಪದವನ್ನು, ಅಂದರೆ ರೂಢಿಯಲ್ಲಿ ನಾವು ಪಾಸ್‌ವರ್ಡ್ ಎನ್ನುವುದನ್ನು, ಬದಲಿಸಲು ಹೊರಟಾಗ ಯಂತ್ರ ಅದನ್ನು ತಿರಸ್ಕರಿಸಿದ ಅನುಭವ ನಿಮಗೆ ಆಗಿರಬಹುದು. ಚಿಕ್ಕದಾಯಿತು, ಅಂಕಿ ಇಲ್ಲ, ಹಿಂದೆ ಬಳಸಿದ್ದೇ ಇದು ಎಂದು ಒಂದೊಂದೇ ತಕರಾರು. ಈ ಕಟ್ಟಳೆಗಳನ್ನು ಯಾರು ಮಾಡಿದರು? ಯಾವ ಪೆಟ್ಟು ತಿಂದು ಮಾಡಿದರು? ಅದನ್ನು ತಿಳಿಯಲು 1960ರ ದಶಕದ ಅಮೆರಿಕಕ್ಕೆ ಹೋಗಬೇಕು.

ಆಗ ಒಂದು ಗಣಕವೆಂದರೆ ಒಂದು ಇಡೀ ಕೋಣೆ. ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಕಾಯಬೇಕು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಫೆರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವಂಥ ವ್ಯವಸ್ಥೆಯನ್ನು 1961ರಲ್ಲಿ ಪ್ರದರ್ಶಿಸಿದರು. ಹಲವರ ಕಡತಗಳು ಒಂದೆಡೆ ಸೇರಿದ ಮೇಲೆ ಒಬ್ಬರದು ಇನ್ನೊಬ್ಬರಿಗೆ ಸಿಗಬಾರದಷ್ಟೆ. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. ಯಾರು ಎಷ್ಟು ಹೊತ್ತು ಯಂತ್ರ ಬಳಸಿದರೆಂಬ ಲೆಕ್ಕಕ್ಕೂ ಅದೇ ಆಧಾರವಾಯಿತು.

ಈ ಲೆಕ್ಕವೇ ಮೊದಲ ಕಳವಿಗೆ ಕಾರಣವಾದದ್ದು ಸ್ವಾರಸ್ಯ. ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆ ಮಾತ್ರ ಸಿಗುತ್ತಿತ್ತು; ಅವರ ಸಂಶೋಧನೆಗೆ ಅದು ಸಾಲದು. 1962ರಲ್ಲಿ ಅವರು ಒಂದು ಕಡತವನ್ನು ಮುದ್ರಿಸಿಕೊಡಬೇಕೆಂದು ರಂಧ್ರ ಕೊರೆದ ಕಾರ್ಡಿನಲ್ಲಿ ಕೋರಿಕೆ ಹಾಕಿದರು. ಅದು ಎಲ್ಲರ ಗುಪ್ತಪದಗಳ ಕಡತ! ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು. ದಶಕಗಳ ನಂತರ ಶೆರ್ ಅವರೇ ಇದನ್ನು ಒಪ್ಪಿಕೊಂಡರು. 1966ರಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಯಿತು. ಅದೇ ವ್ಯವಸ್ಥೆಯಲ್ಲಿ ಎರಡು ಕಡತಗಳು ಅದಲುಬದಲಾಗಿ, ಒಳಗೆ ಬಂದವರಿಗೆಲ್ಲ ಆ ದಿನದ ಸ್ವಾಗತ ಸಂದೇಶದ ಬದಲು ಗುಪ್ತಪದಗಳ ಇಡೀ ಪಟ್ಟಿಯೇ ಕಾಣಿಸಿತು.

ಈ ಎರಡು ಸಂದರ್ಭಗಳಲ್ಲಿಯೂ ಬಳಕೆದಾರರ ಕಡೆಯಿಂದ ಗುಟ್ಟು ಹೊರಬೀಳಲಿಲ್ಲ. ಗುಟ್ಟನ್ನು ಇದ್ದದ್ದು ಇದ್ದ ಹಾಗೆ ಬರೆದಿಟ್ಟುಕೊಂಡದ್ದು ಯಂತ್ರ. ಇದಕ್ಕೆ ಪರಿಹಾರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಡಮ್ ಮತ್ತಿತರರಿಗೆ ಹೊಳೆಯಿತು: ಪದವನ್ನೇ ಇಡುವುದು ಬೇಡ, ಹಿಂದಕ್ಕೆ ಬಿಡಿಸಲಾಗದಂತೆ ಕಲಸಿದ ರೂಪವನ್ನು ಇಟ್ಟರೆ ಸಾಕು. ರುಬ್ಬಿದ ಹಿಟ್ಟಿನಿಂದ ಅಕ್ಕಿಕಾಳು ಹಿಂತಿರುಗಿ ಬಾರದು, ಆದರೆ ಅದೇ ಅಕ್ಕಿಯನ್ನು ಅದೇ ರೀತಿ ರುಬ್ಬಿದರೆ ಅದೇ ಹಿಟ್ಟು ಬರುತ್ತದೆಯಲ್ಲವೆ? ನೀವು ಪದ ಒತ್ತಿದಾಗ ಯಂತ್ರ ಅದನ್ನು ಮತ್ತೆ ಕಲಸಿ, ತನ್ನಲ್ಲಿರುವುದರೊಂದಿಗೆ ಹೋಲಿಸುತ್ತದೆ.

ಇಷ್ಟಾದ ಮೇಲೆ ಉಳಿದದ್ದು ಊಹೆಯ ಅಪಾಯ. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇಂದಿಗೂ ಓದಬೇಕಾದದ್ದು. ಅವರು ನೋಡಿದ 3,289 ಗುಪ್ತಪದಗಳಲ್ಲಿ 15 ಒಂದೇ ಅಕ್ಷರದವು, 72 ಎರಡಕ್ಷರದವು, 464 ಮೂರಕ್ಷರದವು. ನಿಘಂಟಿನ ಪದಗಳೂ ಸೇರಿ ಒಟ್ಟು 86 ಶೇಕಡಾ ಸುಲಭಕ್ಕೆ ತುತ್ತಾಗುವಂಥವು. ಅದಕ್ಕಾಗಿ ಅವರು ಕಲಸುವ ಕ್ರಮವನ್ನು ಬೇಕೆಂದೇ ನಿಧಾನ ಮಾಡಿದರು. ಪ್ರತಿ ಪದಕ್ಕೂ ಬೇರೆ ಬೇರೆ ಯಾದೃಚ್ಛಿಕ ಅಂಶವನ್ನು ಬೆರೆಸಿದರು. ಇದಕ್ಕೆ ಅವರು ಇಟ್ಟ ಹೆಸರು ಉಪ್ಪು! ಈ ಚಿಟಿಕೆ ಉಪ್ಪಿನಿಂದ ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಕಲಸಿದ ರೂಪ ಬೇರೆಯಾಗುತ್ತದೆ. ಊಹಿಸುವವನು ಒಮ್ಮೆ ಲೆಕ್ಕ ಹಾಕಿ ಎಲ್ಲರ ಮೇಲೂ ಅದನ್ನೇ ಬಳಸಲಾರ.

ವಿಧಿಯ ಆಟ ನೋಡಿ. 1988ರ ನವೆಂಬರ್ 2ರಂದು ಇಂಟರ್ನೆಟ್‌ನಲ್ಲಿ ಒಂದು ತಾನೇ ಹರಡುವ ಕ್ರಮವಿಧಿ ಹೊರಬಿತ್ತು. ಅದನ್ನು ಬರೆದ ವಿದ್ಯಾರ್ಥಿ ಬೇರಾರೂ ಅಲ್ಲ, ಅದೇ ರಾಬರ್ಟ್ ಮಾರಿಸ್ ಅವರ ಮಗ. ಅದು ತಂತ್ರಾಂಶದ ಲೋಪಗಳ ಮೂಲಕವೂ ನುಗ್ಗಿತು, ಗುಪ್ತಪದಗಳನ್ನು ಊಹಿಸಿಯೂ ನುಗ್ಗಿತು. ಬಳಕೆದಾರನ ಹೆಸರು, ಹೆಸರನ್ನು ತಿರುಗಿಸಿ ಬರೆದದ್ದು, ಆಮೇಲೆ ತನ್ನ ಬಳಿಯಿದ್ದ 432 ಪದಗಳ ಪಟ್ಟಿ, ಕೊನೆಗೆ ನಿಘಂಟು. ಕಲಸಿದ ಪದಗಳ ಕಡತವನ್ನು ಆಗ ಯಾರು ಬೇಕಾದರೂ ಓದಬಹುದಿತ್ತು. ಅದನ್ನು ಮುಚ್ಚಿಡುವ ಪದ್ಧತಿ ಈ ಘಟನೆಯ ನಂತರ ವ್ಯಾಪಕವಾಯಿತು.

ಈ ನಡುವೆ ಕಟ್ಟಳೆಗಳ ಭಾರ ಯಂತ್ರದಿಂದ ಮನುಷ್ಯನ ಹೆಗಲಿಗೆ ಸರಿಯತೊಡಗಿತ್ತು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗುಪ್ತಪದಗಳ ನಿರ್ವಹಣೆಗೆಂದೇ ಒಂದು ಮಾರ್ಗದರ್ಶಿ ಹೊರಡಿಸಿತು. ಅದರ ತರ್ಕ ಹೀಗೆ: ಊಹಿಸುವವನಿಗೆ ಒಂದಷ್ಟು ಕಾಲ ಬೇಕು, ಅಷ್ಟರೊಳಗೆ ಪದ ಬದಲಾಗಲಿ. ಅದು ಕೊಟ್ಟ ಗರಿಷ್ಠ ಅವಧಿ 1 ವರ್ಷ. ತರ್ಕ ಸರಿಯೇ. ಆದರೆ ಆಮೇಲೆ ಬಂದವರು ಆ ಅವಧಿಯನ್ನು ಮೊಟಕುಗೊಳಿಸುತ್ತಲೇ ಹೋದರು. ಜಾಲದ ವ್ಯವಸ್ಥಾಪಕರು ಒಂದೆಡೆ ಕುಳಿತು ಸಾವಿರ ಯಂತ್ರಗಳ ಮೇಲೆ ಕಟ್ಟಳೆ ಹೇರುವ ಅನುಕೂಲ ಬಂದ ಮೇಲಂತೂ ಕೇಳುವುದೇ ಬೇಡ. 2003ರ ವಿಂಡೋಸ್ ಸರ್ವರ್‌ನಲ್ಲಿ ಮೊದಲೇ ಹೊಂದಿಸಿ ಕೊಟ್ಟಿದ್ದ ಕಟ್ಟಳೆ ನೋಡಿ: ಕನಿಷ್ಠ 7 ಅಕ್ಷರ, 42 ದಿನಕ್ಕೊಮ್ಮೆ ಬದಲಾವಣೆ, ಹಿಂದಿನ 24 ಪದಗಳನ್ನು ಮತ್ತೆ ಬಳಸುವಂತಿಲ್ಲ. ಜೊತೆಗೆ, ಬದಲಿಸಿದ ಪದವನ್ನು ಒಂದು ದಿನ ಮುಟ್ಟುವಂತಿಲ್ಲ! ಈ ಕೊನೆಯದು ಯಾಕೆ ಗೊತ್ತೆ? ಒಂದೇ ಕುಳಿತದಲ್ಲಿ 24 ಸಲ ಬದಲಿಸಿ 25ನೆಯದಾಗಿ ಹಳೆಯದಕ್ಕೇ ಮರಳುವ ದಾರಿಯನ್ನು ಮುಚ್ಚಲು. ಬಳಕೆದಾರ ಚಾಪೆಯ ಕೆಳಗೆ ನುಸುಳಿದರೆ, ಕಟ್ಟಳೆ ರಂಗೋಲಿಯ ಕೆಳಗೆ ನುಸುಳಿತು.

ಹೀಗೆ ಬಲವಂತಕ್ಕೆ ಬದಲಿಸಿದ ಪದ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೊನೆಯ 1 ಹೋಗಿ 2 ಆಗುತ್ತದೆ, ಅಷ್ಟೆ. ಇದನ್ನು ಅಳೆದು ನೋಡಿದವರು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು. ಮೂರು ತಿಂಗಳಿಗೊಮ್ಮೆ ಬದಲಾವಣೆ ಕಡ್ಡಾಯವಾಗಿದ್ದ 7,700ಕ್ಕೂ ಹೆಚ್ಚು ಖಾತೆಗಳನ್ನು ಅವರು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಸಿದ ಕಡತ ಕೈಯಲ್ಲಿದ್ದರೆ, ಹಳೆಯ ಪದ ತಿಳಿದವನು ಹೊಸದನ್ನು 41 ಶೇಕಡಾ ಸಂದರ್ಭಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಕಂಡುಹಿಡಿಯಬಹುದಿತ್ತು. ಲಂಡನ್ನಿನ ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸ್ಸೆ 1999ರಲ್ಲೇ, ಬಳಕೆದಾರರನ್ನು ಶತ್ರುಗಳಂತೆ ಕಾಣಬೇಡಿ ಎಂದು ವಾದಿಸಿದ್ದರು. ಆಗ ಕಿವಿಗೊಟ್ಟವರು ಕಡಿಮೆ.

ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಬೇಕೆಂಬ ಕಟ್ಟಳೆಗೆ ಹಲವು ಕಚೇರಿಗಳು ಆಧಾರವಾಗಿ ತೋರಿಸುತ್ತಿದ್ದುದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ 2004ರ ದಾಖಲೆಯನ್ನು. ಅದನ್ನು ಬರೆದವರಲ್ಲಿ ಪ್ರಮುಖರಾದ ಬಿಲ್ ಬರ್, ನಿವೃತ್ತರಾದ ಮೇಲೆ 2017ರಲ್ಲಿ, ತಾವು ಮಾಡಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದಪಡುವುದಾಗಿ ಪತ್ರಿಕೆಯೊಂದಕ್ಕೆ ಹೇಳಿದರು. ಹಿರಿಯ ವಿಜ್ಞಾನಿಯೊಬ್ಬರು ಹೀಗೆ ಬಹಿರಂಗವಾಗಿ ತಪ್ಪೊಪ್ಪಿಕೊಳ್ಳುವುದು ಅಪರೂಪ. ಅದೇ ವರ್ಷ ಆ ಸಂಸ್ಥೆ ತನ್ನ ಸಲಹೆಯನ್ನು ತಿರುಗಿಸಿ ಬರೆಯಿತು: ಸೋರಿಕೆಯ ಕುರುಹು ಇಲ್ಲದೆ ಪದ ಬದಲಿಸಲು ಒತ್ತಾಯಿಸಬೇಡಿ, ಅಂಕಿ ಚಿಹ್ನೆಗಳ ಕಡ್ಡಾಯ ಬೇಡ, ಉದ್ದನೆಯ ಪದಗಳಿಗೆ ಎಡೆ ಕೊಡಿ, ಊಹೆಯ ಪ್ರಯತ್ನಗಳಿಗೆ ಮಿತಿ ಹಾಕಿ, ಬಯಲಾದ, ಸವಕಲಾದ ಪದಗಳ ಪಟ್ಟಿಯೊಂದಿಗೆ ಹೋಲಿಸಿ ಅವನ್ನು ಮಾತ್ರ ತಿರಸ್ಕರಿಸಿ. 1988ರಲ್ಲಿ ನುಗ್ಗಿದವನ ಕೈಯಲ್ಲಿದ್ದಂಥ ಪಟ್ಟಿ ಹೀಗೆ ಕಾವಲಿನವನ ಕೈಗೂ ಬಂತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ಅವಧಿಯ ಕಟ್ಟಳೆಯನ್ನು ತನ್ನ ಶಿಫಾರಸುಗಳಿಂದ ತೆಗೆಯಿತು.

ನಿಮ್ಮ ಕಾಲೇಜಿನ ಜಾಲದಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸುವ ಕಟ್ಟಳೆ ಇನ್ನೂ ಇದ್ದರೆ, ಅದು ಯಾವ ವರ್ಷ ಬಂತು, ಯಾವ ದಾಖಲೆ ನೋಡಿ ಬಂತು ಎಂದು ವ್ಯವಸ್ಥಾಪಕರನ್ನು ವಿನಯದಿಂದ ಒಮ್ಮೆ ವಿಚಾರಿಸಿ ನೋಡಿ.