ಡಿಸೆಂಬರಿನಲ್ಲಿ ಒಮ್ಮೆ ಬಂದು ಹೋದ ಚಿತ್ರಗಳು

ದೂರದರ್ಶನದ ಹಳೇ ನೆನಪು ಅಂದ ಕೂಡಲೇ ಎಲ್ಲರೂ ಒಂದೇ ಪಟ್ಟಿ ಹೇಳ್ತಾರೆ. ಭಾನುವಾರ ಬೆಳಿಗ್ಗೆಯ ರಾಮಾಯಣ, ಆಮೇಲೆ ಮಹಾಭಾರತ, ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್... ಇವೆಲ್ಲ ಎಲ್ಲಿಗೂ ಹೋಗಿಲ್ಲ ನೋಡಿ. 2020ರ ಲಾಕ್‌ಡೌನಿನಲ್ಲಿ ರಾಮಾಯಣವನ್ನು ಮತ್ತೆ ಹಾಕಿದಾಗ ಮನೆಮಂದಿಯೆಲ್ಲ ಕೂತು ನೋಡಿದ್ದೇವೆ. ಬೇಕೆಂದರೆ ಈ ಕ್ಷಣ ಮೊಬೈಲಿನಲ್ಲೇ ಸಿಗುತ್ತವೆ. ಯಾವಾಗ ಬೇಕಾದರೂ ಸಿಗುವುದನ್ನು ನೆನಪು ಮಾಡಿಕೊಂಡು ಹಳಹಳಿಸುವುದರಲ್ಲಿ ಅರ್ಥವೇನಿದೆ?

ನಾನು ಬರೆಯಹೊರಟಿರುವುದು ಹಬ್ಬದ ದಿನ ಒಂದೇ ಸಲ ಬಂದು, ಮತ್ತೆ ಎಲ್ಲೂ ಕಾಣದೇ ಹೋದ ಕಾರ್ಯಕ್ರಮಗಳ ಬಗ್ಗೆ. ಅದರಲ್ಲೂ ಕ್ರಿಸ್‌ಮಸ್‌ನವು. ಗದಗಿನವನಿಗೂ ಕ್ರಿಸ್‌ಮಸ್ಸಿಗೂ ಏನು ಸಂಬಂಧ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಸಂಬಂಧ ಸಣ್ಣದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದು ನೆಲೆಯೂರಿದರು. ಕಿಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ; ಅದಕ್ಕೂ ಅರ್ಧ ಶತಮಾನ ಮೊದಲೇ ಬೆಟಗೇರಿಯ ಮಗ್ಗದ ಸದ್ದಿನ ನಡುವೆ ಕನ್ನಡದ ಕ್ರಿಸ್ತ ಕೀರ್ತನೆ ಕೇಳುತ್ತಿತ್ತು. ಹಾರ್ಮೋನಿಯಂ, ತಬಲಾ, ತಾಳ ಇಟ್ಟುಕೊಂಡು ನಮ್ಮ ಭಜನೆಯ ಹಾಗೆಯೇ ಹಾಡುತ್ತಾರೆ. ಇದು ಹೊರಗಿನಿಂದ ಬಂದ ಹಬ್ಬ ಅಂತ ನಮ್ಮ ಓಣಿಯಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಡಿಸೆಂಬರಿನಲ್ಲಿ ಅವರ ಮನೆಯಿಂದ ಕರ್ಚಿಕಾಯಿ ಬರುತ್ತಿತ್ತು, ಪಂಚಮಿಗೆ ನಮ್ಮ ಮನೆಯಿಂದ ಉಂಡಿ ಹೋಗುತ್ತಿತ್ತು. ಅಷ್ಟೇ ವ್ಯತ್ಯಾಸ :-)

ಈಗ ಟಿವಿಯ ಕಥೆಗೆ ಬರೋಣ. ನಮ್ಮ ಭಾಗಕ್ಕೆ ಟಿವಿ ಬಂದ ಬಗೆಯೇ ವಿಚಿತ್ರ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸೈಟ್ ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನುವ ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಮುದಾಯ ಟಿವಿ ಇಟ್ಟರು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಗದಗ ಆಗ ಧಾರವಾಡ ಜಿಲ್ಲೆಯ ಒಂದು ತಾಲೂಕು, ಹಾಗಾಗಿ ನಮಗೆ ಸಿಗಲಿಲ್ಲ. ಮುಂಡರಗಿಯವರ ಪಾಡು ನೋಡಿ: ಪಕ್ಕದ ಕೊಪ್ಪಳ ಆಗ ರಾಯಚೂರು ಜಿಲ್ಲೆಯದ್ದು. ಜಿಲ್ಲೆಯ ಗಡಿಯ ಆಚೆ ಆಕಾಶದಿಂದ ಚಿತ್ರ ಇಳಿಯುತ್ತಿತ್ತು, ಈಚೆ ಬರೀ ರೇಡಿಯೋ. ಧಾರವಾಡ ಆಕಾಶವಾಣಿ 1950ರಿಂದಲೇ ಇತ್ತಾದ್ದರಿಂದ ರೇಡಿಯೋಕ್ಕೇನೂ ಕೊರತೆಯಿರಲಿಲ್ಲ ಅನ್ನಿ.

ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. 1982ರಲ್ಲಿ ಏಷ್ಯಾಡ್ ಜೊತೆ ಬಣ್ಣ ಬಂತು. 1984ರ ಹೊತ್ತಿಗೆ ದೇಶದ ಸಣ್ಣ ಊರುಗಳಲ್ಲೆಲ್ಲ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ಸಾಲುಸಾಲಾಗಿ ಎದ್ದವು. ಇಂಥ ಟ್ರಾನ್ಸ್‌ಮಿಟರು ಸಾಮಾನ್ಯವಾಗಿ 100 ವ್ಯಾಟಿನದ್ದು. ಅಂದರೆ ನಮ್ಮ ಮನೆಯ ಒಂದು ಹಳೇ ದೊಡ್ಡ ಬಲ್ಬಿನಷ್ಟು! ಹದಿನೈದು-ಇಪ್ಪತ್ತು ಕಿಲೋಮೀಟರು ದಾಟಿದರೆ ಚಿತ್ರಕ್ಕಿಂತ ಚುಕ್ಕೆ ಜಾಸ್ತಿ. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಲ್ಲವೂ ಅದಕ್ಕಿಂತ ದೂರವೇ. ಹಾಗಾಗಿ ಆ ಊರುಗಳ ಮಾಳಿಗೆಗಳ ಮೇಲೆ ಉದ್ದನೆಯ ಪೈಪು, ಅದರ ತುದಿಗೆ ಆಂಟೆನಾ, ಆಂಟೆನಾಕ್ಕೊಂದು ಬೂಸ್ಟರು. ಲಕ್ಷ್ಮೇಶ್ವರದಲ್ಲಿದ್ದ ನಮ್ಮ ಸೋದರಮಾವನ ಮನೆಯಲ್ಲಿ ಆ ಪೈಪು ನನ್ನ ಕಾಲದವರೆಗೂ ಉಳಿದಿತ್ತು, ಕಡೆಗೆ ಬಟ್ಟೆ ಒಣಹಾಕುವ ತಂತಿ ಕಟ್ಟಲು ಬಳಸುತ್ತಿದ್ದರು.

ಕ್ರಿಸ್‌ಮಸ್ ದಿನ ಜನ ಕಾದು ಕೂತು ನೋಡಿದ್ದೇನು? ನಮ್ಮ ಓಣಿಯ ಹಿರಿಯರನ್ನು ಕೇಳಿದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಚಿತ್ರ. 1978ರ ತೆಲುಗಿನ 'ಕರುಣಾಮಯುಡು'. ಎ. ಭೀಮಸಿಂಗ್ ನಿರ್ದೇಶನ, ಏಸುವಿನ ಪಾತ್ರದಲ್ಲಿ ವಿಜಯಚಂದರ್. ಹಿಂದಿಗೆ 'ದಯಾಸಾಗರ್' ಅಂತ ಡಬ್ ಆಯಿತು, ಇನ್ನೂ ಹಲವು ಭಾಷೆಗಳಿಗೆ ಹೋಯಿತು. ಈ ಚಿತ್ರ ಥಿಯೇಟರಿನಲ್ಲಿ ಓಡಿದ್ದಕ್ಕಿಂತ ಊರೂರಿಗೆ ಪ್ರೊಜೆಕ್ಟರು ಹೊತ್ತು ತಿರುಗಿದ ತಂಡಗಳ ಬಿಳಿ ಪರದೆಯ ಮೇಲೆ ಓಡಿದ್ದೇ ಹೆಚ್ಚು. ಇದು ನಮ್ಮ ಪೌರಾಣಿಕ ಚಿತ್ರದ ಅಚ್ಚಿನಲ್ಲೇ ಎರಕ ಹೊಯ್ದದ್ದು: ಅದೇ ಹಾಡು, ಅದೇ ಸೆಟ್ಟು, ಅದೇ ತೇಜಸ್ಸು. ಹಾಲಿವುಡ್ಡಿನ ಏಸುವಿಗಿಂತ ಈ ಏಸು ನಮ್ಮವರಿಗೆ ಹತ್ತಿರವಾದದ್ದು ಅದಕ್ಕೇ ಇರಬೇಕು. ಕನ್ನಡದ ರಾಜಕುಮಾರ್ ಕೃಷ್ಣ, ತೆಲುಗಿನ ಎನ್‌ಟಿಆರ್ ರಾಮ ಆದ ಹಾಗೆ ವಿಜಯಚಂದರ್ ಎಷ್ಟೋ ಮನೆಗಳಲ್ಲಿ ಏಸುವೇ ಆಗಿಬಿಟ್ಟರು.

ಇನ್ನೊಂದು, 'ಬೈಬಲ್ ಕೀ ಕಹಾನಿಯಾ'. ಕೇರಳದ ನವೋದಯ ಅಪ್ಪಚ್ಚನ್ ಅವರ ಧಾರಾವಾಹಿ. ದೂರದರ್ಶನದಲ್ಲಿ 1992ರ ಡಿಸೆಂಬರಿನಲ್ಲಿ ಶುರುವಾಯಿತು. ಆ ಡಿಸೆಂಬರು ದೇಶದಲ್ಲಿ ಎಂಥ ಡಿಸೆಂಬರಾಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. 1984ರಲ್ಲಿ ಭಾರತದ ಮೊದಲ ತ್ರೀಡಿ ಚಿತ್ರ 'ಮೈ ಡಿಯರ್ ಕುಟ್ಟಿಚಾತನ್' ಮಾಡಿದ ಸಂಸ್ಥೆಯೂ ಇದೇ. ರಾಮಾಯಣದ ಹೆಸರು ಹೇಳುವವರು ನೂರು ಜನ ಸಿಕ್ಕರೆ ಇದರ ಹೆಸರು ಹೇಳುವವರು ಇಬ್ಬರು ಸಿಗಬಹುದು.

ಗದಗ ಜಿಲ್ಲೆ ಆದ 1997ರಲ್ಲೇ ಹುಟ್ಟಿದವನು ನಾನು. ನನಗೆ ಬುದ್ಧಿ ಬರುವ ಹೊತ್ತಿಗೆ ಆಂಟೆನಾ ಹೋಗಿ ಕೇಬಲ್ ಬಂದಿತ್ತು. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ ಶುರುವಾಗಿದ್ದವು. ಇವುಗಳ ನಡುವೆ ಇನ್ನೊಂದು ಚಾನೆಲ್ ಇತ್ತು, ಅದಕ್ಕೆ ಹೆಸರೇ ಇರಲಿಲ್ಲ. "ಕೇಬಲ್‌ನವರದು" ಅಂತಿದ್ದೆವು. ಕೇಬಲ್ ಆಪರೇಟರು ತನ್ನ ಕೋಣೆಯಲ್ಲಿ ಒಂದು ವಿಸಿಡಿ ಪ್ಲೇಯರು ಇಟ್ಟುಕೊಂಡು ತನಗೆ ತೋಚಿದ್ದು ಹಾಕುತ್ತಿದ್ದ. ಅನಲಾಗ್ ಕೇಬಲ್ಲಿನಲ್ಲಿ ಇದು ಬಹಳ ಸುಲಭ. ಒಂದು ಮಾಡ್ಯುಲೇಟರ್ ಇದ್ದರೆ ಖಾಲಿ ಇರುವ ಯಾವ ಚಾನೆಲ್ಲಿಗೂ ನಿಮ್ಮ ಪ್ಲೇಯರಿನ ಚಿತ್ರ ಸೇರಿಸಬಹುದು. ಒಂದು ವಿಸಿಡಿಯಲ್ಲಿ ಹಿಡಿಸುವುದು 74 ನಿಮಿಷ. ಹಾಗಾಗಿ ಇಂಟರ್ವಲ್ಲು ಕಥೆಗೆ ತಕ್ಕಂತೆ ಬರುತ್ತಿರಲಿಲ್ಲ, ಡಿಸ್ಕಿಗೆ ತಕ್ಕಂತೆ ಬರುತ್ತಿತ್ತು. ಆಪರೇಟರು ಊಟಕ್ಕೆ ಹೋಗಿದ್ದರೆ ನೀಲಿ ಪರದೆ ನೋಡುತ್ತ ಕೂರುವುದು.

ಈ ಚಾನೆಲ್ಲೇ ನಮ್ಮ ಹಬ್ಬದ ವಿಶೇಷ ಕಾರ್ಯಕ್ರಮ. ಶಿರಹಟ್ಟಿ ಫಕ್ಕೀರೇಶ್ವರ ಮಠದ ಜಾತ್ರೆ, ಗಣಪತಿ ಮೆರವಣಿಗೆ, ಶಾಲೆಗಳ ಗ್ಯಾದರಿಂಗು, ಎಲ್ಲ ಮಾರನೇ ದಿನ ಅದರಲ್ಲಿ ಬರುತ್ತಿತ್ತು. 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ನಾನು ಮೊದಲು ನೋಡಿದ್ದೂ ಅಲ್ಲಿಯೇ. 1995ರ ಈ ಚಿತ್ರಕ್ಕೆ ಹಂಸಲೇಖರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಹಾಡು ಕೇಳಿದವರು ಲಕ್ಷಗಟ್ಟಲೆ. ಸಿನಿಮಾ ಪೂರ್ತಿ ನೋಡಿದವರು ಗದಗಿನಲ್ಲೂ ಕಡಿಮೆ ಸಿಗುತ್ತಾರೆ.

ಡಿಸೆಂಬರ್ 25ಕ್ಕೆ ಅದೇ ಚಾನೆಲ್ಲಿನಲ್ಲಿ ಮಧ್ಯಾಹ್ನ ದಯಾಸಾಗರ್. ಇಪ್ಪತ್ತಾರರ ರಾತ್ರಿ ಬೆಟಗೇರಿ ಚರ್ಚಿನ ಕಾರ್ಯಕ್ರಮದ ಕ್ಯಾಸೆಟ್ಟು: ಮಕ್ಕಳ ನಾಟಕ, ಗಡ್ಡ ಅಂಟಿಸಿಕೊಂಡ ಕುರುಬರು, ಒಂದು ನಿಜವಾದ ಕುರಿಮರಿ, ಹೆಣ್ಣುಮಕ್ಕಳ ಗಾಯನ. ಪರದೆಯ ಮೇಲೆ ತಮ್ಮ ಮುಖ ಬಂದಾಗ ಎದುರು ಮನೆಯಲ್ಲಿ ಏಳುತ್ತಿದ್ದ ಕೂಗು ನಮ್ಮ ಮನೆಗೆ ಕೇಳುತ್ತಿತ್ತು.

ಇಂಥವೆಲ್ಲ ಎಲ್ಲಿ ಹೋದವು? ಕಳೆದುಹೋಗುವುದು ನಮ್ಮೂರಿನ ಶಾಪವೇನಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ. ಪುಣೆಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ, ಅಂದರೆ ಮೂವತ್ತು ವರ್ಷ ತಡ. ಇಂಗ್ಲೆಂಡಿನ ಬಿಬಿಸಿಯವರು 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಸಂಚಿಕೆಗಳನ್ನು 60-70ರ ದಶಕದಲ್ಲಿ ತಾವೇ ಅಳಿಸಿಹಾಕಿದರು, ಟೇಪು ದುಬಾರಿ ಅಂತ. ಇದಕ್ಕೆ ಉಲ್ಟಾ ಕಥೆ ಅಮೆರಿಕದ್ದು. 1978ರ ನವೆಂಬರ್ 17ರಂದು ಸಿಬಿಎಸ್ ಚಾನೆಲ್ಲಿನಲ್ಲಿ 'ಸ್ಟಾರ್ ವಾರ್ಸ್ ಹಾಲಿಡೇ ಸ್ಪೆಷಲ್' ಬಂತು. ಎಲ್ಲರೂ ಬೈದರು. ಆಮೇಲೆ ಅದನ್ನು ಪೂರ್ತಿಯಾಗಿ ಅಧಿಕೃತವಾಗಿ ಬಿಡುಗಡೆ ಮಾಡಲೇ ಇಲ್ಲ. ಆದರೂ ಇವತ್ತು ಅದನ್ನು ನೋಡಬಹುದು. ಕಾರಣ, ಆ ರಾತ್ರಿ ಮನೆಯಲ್ಲಿ ವಿಸಿಆರ್ ಇದ್ದ ಕೆಲವರು ರೆಕಾರ್ಡ್ ಬಟನ್ ಒತ್ತಿದ್ದರು. ಮಾಡಿದವರು ಮುಚ್ಚಿಟ್ಟದ್ದನ್ನು ನೋಡಿದವರು ಉಳಿಸಿದರು!

ಮೂರು ವರ್ಷದ ಹಿಂದೆ ಬೆಟಗೇರಿಯ ನನ್ನ ಬಾಲ್ಯದ ಗೆಳೆಯ ಫೋನ್ ಮಾಡಿದ. 2005ರ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಅವನ ತಾಯಿ ಹಾಡಿದ್ದರು. 2013ರಲ್ಲಿ ತೀರಿಕೊಂಡರು. ಅವರ ಫೋಟೋಗಳಿವೆ, ಧ್ವನಿ ಎಲ್ಲೂ ಇಲ್ಲ. ಅವನಿಗೆ ಆಗಷ್ಟೇ ಮಗಳು ಹುಟ್ಟಿದ್ದಳು. "ಅಜ್ಜಿ ದನಿ ಒಮ್ಮೆ ಕೇಳಸ್ಬೇಕಪ್ಪಾ, ನೀ ಕಂಪ್ಯೂಟರ್‌ನ್ಯಾಗ ಇದ್ದೀ, ಏನರ ಮಾಡು" ಅಂದ.

ಅದನ್ನು ಚಿತ್ರೀಕರಿಸಿದ್ದ ಹುಡುಗನನ್ನು ಹುಡುಕಿದೆವು. ಮಿನಿ ಡಿವಿ ಕ್ಯಾಸೆಟ್ಟು ಅವನ ಬಳಿ ಇತ್ತು, ಆದರೆ ಮುಂದಿನ ಮದುವೆ ಸೀಸನ್ನಿನಲ್ಲಿ ಅದರ ಮೇಲೆ ಯಾರದೋ ಅಕ್ಕಿಕಾಳು ಬಿದ್ದಿತ್ತು. ಹಾರ್ಡ್ ಡಿಸ್ಕಿನಿಂದ ಡಿಲೀಟ್ ಆದ ಫೈಲು ತೆಗೆದ ಹಾಗೆ ಇದನ್ನೂ ತೆಗೆಯಬಾರದೇ ಅಂತ ಗೆಳೆಯ ಕೇಳಿದ. ಆಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಅಂದರೆ ಬರೀ ವಿಳಾಸ ಹೊಡೆದುಹಾಕುವುದು, ಮನೆ ಹಾಗೇ ಇರುತ್ತದೆ. ಟೇಪಿನಲ್ಲಿ ಹಾಗಲ್ಲ, ಹೊಸದು ಬರೆಯುತ್ತಾ ಹೋದ ಹಾಗೆ ಆ ಜಾಗದಲ್ಲಿದ್ದ ಹಳೆಯ ಕಾಂತೀಯ ಗುರುತು ಅಳಿದೇ ಹೋಗುತ್ತದೆ. ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟಿದ ಹಾಗೆ.

ಆಮೇಲೆ ಅವನಿಗೆ ನೆನಪಾಯಿತು. ಮುಂಡರಗಿಯಿಂದ ಬಂದು ಆಗ ಬೆಟಗೇರಿಯಲ್ಲಿ ಬಾಡಿಗೆಗಿದ್ದ ಚಿಕ್ಕಮ್ಮನ ಮನೆಯಲ್ಲಿ ವಿಸಿಆರ್ ಇತ್ತು, ಕೇಬಲ್ಲಿನಿಂದ ರೆಕಾರ್ಡ್ ಮಾಡುವ ಚಟವೂ ಇತ್ತು. ಅವರು ಮುಂಡರಗಿಗೆ ಹಿಂತಿರುಗಿದಾಗ ಕ್ಯಾಸೆಟ್ಟುಗಳ ಗಂಟೂ ಜೊತೆಗೆ ಹೋಗಿತ್ತು. ಹೋಗಿ ನೋಡಿದೆವು. ಅಟ್ಟದ ಮೇಲೆ ಜೋಳದ ಚೀಲದ ಹಿಂದೆ ಹದಿನಾಲ್ಕು ವಿಎಚ್‌ಎಸ್ ಕ್ಯಾಸೆಟ್ಟು. ಬಯಲುಸೀಮೆಯ ಒಣ ಹವೆ ಪುಣ್ಯ, ಬೂಸ್ಟು ಹಿಡಿದಿದ್ದು ಮೂರಕ್ಕೆ ಮಾತ್ರ. ಒಂಬತ್ತನೆಯದರಲ್ಲಿ, ಒಂದು ಕ್ರಿಕೆಟ್ ಮ್ಯಾಚಿಗೂ ಒಂದು ಧಾರಾವಾಹಿಗೂ ನಡುವೆ, ಹನ್ನೊಂದು ನಿಮಿಷದ ಚರ್ಚಿನ ಕಾರ್ಯಕ್ರಮ ಉಳಿದಿತ್ತು. ನಾಟಕ ಹೋಗಿದೆ, ಕುರಿಮರಿ ಹೋಗಿದೆ. ಗಾಯನ ಇದೆ. ಎಂಟು ಜನ ಹೆಣ್ಣುಮಕ್ಕಳು, ಒಂದೇ ಮೈಕು.

ಹಾಡಿನಿಂದ ವಾದ್ಯ ಬೇರ್ಪಡಿಸುವ ತಂತ್ರಾಂಶಗಳು ಈಗ ಪುಕ್ಕಟೆ ಸಿಗುತ್ತವೆ. ಹಾರ್ಮೋನಿಯಂ, ತಬಲಾ ತೆಗೆದೆ. ಆದರೆ ಒಂದೇ ಸ್ವರದಲ್ಲಿ ಒಟ್ಟಿಗೆ ಹಾಡುವ ಎಂಟು ಧ್ವನಿಗಳಲ್ಲಿ ಒಂದನ್ನು ಬಿಡಿಸುವುದು ನನ್ನಿಂದಾಗಲಿಲ್ಲ. ಎರಡು ವಾರ ಒದ್ದಾಡಿ ಹಾಗೇ ಕಳಿಸಿಕೊಟ್ಟೆ. ಅವನು ಕೇಳಿ ಹೇಳಿದ್ದಿಷ್ಟು: "ಬ್ಯಾರೆ ಮಾಡೂದು ಬ್ಯಾಡ ಬಿಡೋ. ಪ್ರತಿ ಸಾಲೂ ಎಲ್ಲಾರಕಿಂತ ಒಂಚೂರು ಮೊದಲ ಎತ್ತತಾರಲ್ಲ, ಅವರ ನಮ್ಮವ್ವ." ಆಮೇಲೆ ನಾನೂ ಕೇಳಿದೆ. ಹೌದು, ಪ್ರತಿ ಸಾಲಿನ ಶುರುವಿನಲ್ಲಿ ಅರ್ಧ ಕ್ಷಣ ಒಂದೇ ಧ್ವನಿ ಇದೆ. ಆ ಅರ್ಧರ್ಧ ಕ್ಷಣಗಳನ್ನೆಲ್ಲ ಕೂಡಿಸಿದರೆ ಹತ್ತು ಸೆಕೆಂಡೂ ಆಗಲಿಕ್ಕಿಲ್ಲ. ಅವನ ಮಗಳು ಈಗ ಆ ಹಾಡು ಹಾಡುವಾಗ ತಾನೂ ಮೊದಲೇ ಎತ್ತುತ್ತಾಳಂತೆ.

"ಕೇಬಲ್‌ನವರ" ಚಾನೆಲ್ಲು ಈಗಿಲ್ಲ. ಸರ್ಕಾರ ಕೇಬಲ್ಲನ್ನು ಹಂತಹಂತವಾಗಿ ಡಿಜಿಟಲ್ ಮಾಡಿತು. 2012ರಲ್ಲಿ ಮಹಾನಗರಗಳಿಂದ ಶುರುವಾಗಿ ಹಳ್ಳಿಗಳ ಗಡುವು 2017ರ ಮಾರ್ಚಿಗೆ ಮುಗಿಯಿತು. ಸೆಟ್ ಟಾಪ್ ಬಾಕ್ಸು ಬಂದ ಮೇಲೆ ಓಣಿಯ ಆಪರೇಟರು ತನ್ನ ಪ್ಲೇಯರನ್ನು ಸಿಕ್ಕ ಕಡೆ ಸಿಕ್ಕಿಸುವಂತಿಲ್ಲ. ಚಿತ್ರ ಸ್ವಚ್ಛವಾಯಿತು, ಚಾನೆಲ್ಲು ನೂರಾರಾದವು, ನಮ್ಮ ಓಣಿ ಮಾತ್ರ ಟಿವಿಯಿಂದ ಹೊರಗೆ ಬಿತ್ತು. ದೂರದರ್ಶನದ ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೂ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿದರು.

ದೂರದರ್ಶನದ ಭಂಡಾರವನ್ನು ಕಾಯಲು ಪ್ರಸಾರ ಭಾರತಿಯ ಆರ್ಕೈವ್ಸ್ ಇದೆ. ಸಿನಿಮಾಕ್ಕೆ ಪುಣೆಯಿದೆ. ಓಣಿಯ ಚಾನೆಲ್ಲಿಗೆ ಯಾರೂ ಇಲ್ಲ, ನಾವೇ. ವಿಸಿಆರ್ ತಯಾರಿಸುತ್ತಿದ್ದ ಕಟ್ಟಕಡೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲೇ ತಯಾರಿಕೆ ನಿಲ್ಲಿಸಿದೆ. ಇರುವ ಯಂತ್ರಗಳೆಲ್ಲ ಹಳೆಯವು, ರಿಪೇರಿ ಮಾಡುವವರೂ ವಯಸ್ಸಾದವರು. ನಿಮ್ಮ ಊರಿನ ಅಟ್ಟದ ಮೇಲೂ ಇಂಥ ಗಂಟು ಇರಬಹುದು, ಮೇಲೆ 'ಅಣ್ಣನ ಮದುವಿ' ಅಂತ ಬರೆದಿರಬಹುದು. ಬರೆದದ್ದನ್ನು ನಂಬಬೇಡಿ, ಕೊನೆಯವರೆಗೂ ಓಡಿಸಿ ನೋಡಿ. ಬೂಸ್ಟು ಹಿಡಿದದ್ದನ್ನು ಮಾತ್ರ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೆ ಅಂಟಿ ಉಳಿದವನ್ನೂ ಕೆಡಿಸುತ್ತದೆ; ಗೊತ್ತಿದ್ದವರಿಗೆ ಕೊಡಿ. ಕ್ಯಾಪ್ಚರ್ ಕಾರ್ಡು ನನ್ನ ಹತ್ತಿರ ಇದೆ, ಗದಗಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಯಾರಾದರೂ ಇದ್ದರೆ ತಿಳಿಸಿ, ವಿಸಿಆರ್ ಹೊತ್ತು ನಾನೇ ಬರುತ್ತೇನೆ. ಚಹಾ ಒಂದು ಇದ್ದರೆ ಸಾಕು.