ಜಾಲಪರೀಕ್ಷಕ ತಂತ್ರಾಂಶಗಳ ಸ್ಮೃತಿದೋಷಗಳು: ಒಂದು ಚಾರಿತ್ರಿಕ ವಿವೇಚನೆ

ಗಣಕಜಾಲದಲ್ಲಿ ಸಂದೇಶಗಳು ಪ್ಯಾಕೆಟ್ ಎಂಬ ಚಿಕ್ಕ ತುಂಡುಗಳಾಗಿ ಸಂಚರಿಸುವುವು. ಅವುಗಳನ್ನು ಹಿಡಿದು ಬಿಡಿಸಿ ಓದುವ ತಂತ್ರಾಂಶಗಳು ದೋಷಶೋಧನೆಗೂ ಕಾವಲಿಗೂ ಸಾಧನಗಳಾಗಿವೆ. ಇವೇ ಕೆಲವೊಮ್ಮೆ ಶತ್ರುವಿನ ಪ್ರವೇಶದ್ವಾರವಾದುದು ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಮೊದಲು ದೋಷದ ಸ್ವರೂಪವನ್ನು ತಿಳಿಯಬೇಕು. ಮಗ್ಗದ ಹಣಿಗೆಯಲ್ಲಿ ಮನೆಗಳು ಮುಗಿದ ಮೇಲೆ ಹೆಚ್ಚಿನ ಎಳೆ ಹಿಡಿಸದೆಂಬುದು ರಬಕವಿ-ಬನಹಟ್ಟಿಯ ನೇಕಾರರಿಗೆಲ್ಲ ತಿಳಿದ ಮಾತು. ೧೯೭೦ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಹಾಗಿಲ್ಲ. ಮೇರೆಯನ್ನು ಪರೀಕ್ಷಿಸುವ ಹೊಣೆ ಬರೆಯುವವನದೇ. ಪ್ಯಾಕೆಟ್ಟಾದರೋ ತನ್ನ ಭಾಗಗಳ ಉದ್ದವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಮಾತು ಸುಳ್ಳಾಗಿದ್ದು, ಪರೀಕ್ಷೆ ಒಂದೆಡೆ ತಪ್ಪಿದರೆ, ತಂತ್ರಾಂಶವು ತನಗೆ ಮೀಸಲಾದ ಸ್ಮೃತಿಕೋಶವನ್ನು ಮೀರಿ ಓದುತ್ತದೆ, ಇಲ್ಲವೆ ಬರೆಯುತ್ತದೆ.

ಟಿಸಿಪಿಡಂಪ್ ೧೯೮೮ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ವ್ಯಾನ್ ಜೇಕಬ್ಸನ್ ಮೊದಲಾದವರಿಂದ ರಚಿತವಾಯಿತು. ೧೯೯೮ರಲ್ಲಿ ಜೆರಾಲ್ಡ್ ಕೂಂಬ್ಸ್ ಹೊರತಂದ ಈಥೀರಿಯಲ್ ೨೦೦೬ರಲ್ಲಿ ವೈರ್‌ಶಾರ್ಕ್ ಎಂಬ ಹೆಸರನ್ನು ತಳೆಯಿತು. ಜಾಲದ ನಿಯಮಾವಳಿಗಳು ಹೆಚ್ಚಿದಂತೆ ಅವನ್ನು ಓದುವ ಭಾಗಗಳೂ ಹೆಚ್ಚಿದವು. ಒಂದೊಂದೂ ಹೊಸ ತಪ್ಪಿಗೆ ಎಡೆಯಾಯಿತು. ಮೇಲಾಗಿ, ಪ್ಯಾಕೆಟ್ಟುಗಳನ್ನು ಹಿಡಿಯಲು ಸಾಮಾನ್ಯವಾಗಿ ಗಣಕದಲ್ಲಿ ವಿಶೇಷಾಧಿಕಾರ ಬೇಕು. ಆದುದರಿಂದ ಓದಿನಲ್ಲಾದ ತಪ್ಪು ಇಡೀ ಯಂತ್ರವನ್ನೇ ಪರರ ಕೈಗೊಪ್ಪಿಸಬಲ್ಲದು.

ಇದಕ್ಕೆ ಘೋರ ನಿದರ್ಶನ ೨೦೦೪ರ ಮಾರ್ಚ್ ತಿಂಗಳಿನದು. ಐಎಸ್‌ಎಸ್ ಸಂಸ್ಥೆಯ ಬ್ಲ್ಯಾಕ್‌ಐಸ್ ಮೊದಲಾದ ರಕ್ಷಣಾ ತಂತ್ರಾಂಶಗಳ ಪ್ಯಾಕೆಟ್ ವಿಶ್ಲೇಷಣಭಾಗದಲ್ಲಿದ್ದ ದೋಷವೊಂದು ಪ್ರಕಟವಾದ ಎರಡು ದಿನಗಳೊಳಗೆ ವಿಟ್ಟಿ ಎಂಬ ಗಣಕಹುಳು ಹೊರಟಿತು. ಅದು ಸುಮಾರು ೧೨,೦೦೦ ಗಣಕಗಳನ್ನು ಹೊಕ್ಕಿತು. ಅವುಗಳಲ್ಲಿ ಬಹುಪಾಲು ಮುಕ್ಕಾಲು ಗಂಟೆಯಲ್ಲಿಯೇ ವಶವಾದವು. ಅವುಗಳ ಡಿಸ್ಕುಗಳಲ್ಲಿನ ದತ್ತಾಂಶವನ್ನು ಅದು ಅಲ್ಲಲ್ಲಿ ಕೆಡಿಸತೊಡಗಿತು. ಆ ರಕ್ಷಣೆಯನ್ನು ಅಳವಡಿಸಿಕೊಂಡಿದ್ದವರೇ ಹಾನಿಗೊಳಗಾದುದು ಇಲ್ಲಿ ಗಮನಾರ್ಹ. ದೋಷಗಳ ಸಾಲು ಅಲ್ಲಿಗೇ ಮುಗಿಯಲಿಲ್ಲ: ೨೦೧೭ರ ಟಿಸಿಪಿಡಂಪ್ ೪.೯.೨ ಆವೃತ್ತಿಯೊಂದರಲ್ಲಿಯೇ ಸುಮಾರು ೯೦ ದೋಷಗಳನ್ನು ತಿದ್ದಬೇಕಾಯಿತು.

ಬಿಡಿಬಿಡಿಯಾಗಿ ತಿದ್ದುವುದೊಂದೇ ಸಾಲದೆಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ. ವೈರ್‌ಶಾರ್ಕ್ ಪ್ಯಾಕೆಟ್ ಹಿಡಿಯುವ ಕೆಲಸವನ್ನು ಡಂಪ್‌ಕ್ಯಾಪ್ ಎಂಬ ಪ್ರತ್ಯೇಕ ಭಾಗಕ್ಕೆ ವಹಿಸಿ, ಓದುವ ಭಾಗಕ್ಕೆ ವಿಶೇಷಾಧಿಕಾರ ಬೇಡದಂತೆ ಮಾಡಿತು. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್‌ನಂಥ ಭಾಷೆಗಳು ಮೇರೆಯ ಪರೀಕ್ಷೆಯನ್ನು ತಾವೇ ವಹಿಸಿಕೊಳ್ಳುತ್ತವೆ. ಜಮಖಂಡಿ, ಮುಧೋಳ, ಬೀಳಗಿಗಳ ಕಾಲೇಜುಗಳಲ್ಲಿ ಗಣಕಶಾಸ್ತ್ರವನ್ನು ಓದುವವರು ಈ ಉಪಕರಣಗಳನ್ನು ಬಳಸುವಾಗ ಹೊಸ ಆವೃತ್ತಿಯನ್ನೇ ಬಳಸಬೇಕು. ಅಪರಿಚಿತರು ಕೊಟ್ಟ ಪ್ಯಾಕೆಟ್ ಕಡತವನ್ನು ವಿಶೇಷಾಧಿಕಾರದೊಡನೆ ತೆರೆಯಬಾರದು. ಪರೀಕ್ಷಿಸುವ ಉಪಕರಣವೂ ಪರೀಕ್ಷೆಗೆ ಒಳಪಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.